ಕರಿಕೋಟು ಬಂತು, ಆಮೇಲಿನ ಮೂರು ವರ್ಷ?

ಪಿಯುಸಿ ಫಲಿತಾಂಶ ಬಂದ ಮೇಲೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮನೆಗಳಲ್ಲಿ ನಡೆಯುವ ಮಾತುಕತೆಗೆ ಈಗ ಎಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ. ಜೊತೆಗೆ ‘ಲಾ’ ಕೂಡ ಸೇರಿಕೊಂಡಿದೆ. ತೂಬಗೆರೆಯಲ್ಲೋ ಸೂಲಿಬೆಲೆಯಲ್ಲೋ ತ್ಯಾಮಗೊಂಡ್ಲುವಿನಲ್ಲೋ ಒಬ್ಬ ತಂದೆ ಮಗಳನ್ನು ಕಾನೂನು ಓದಿಸುವ ಯೋಚನೆ ಮಾಡಿದರೆ ಅದರ ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ. ಮನೆಯದ್ದೇ ಒಂದು ಕೇಸು ಕೋರ್ಟಿನಲ್ಲಿದೆ. ವರ್ಷಗಟ್ಟಲೆ ಮುದ್ದತ್ತು ಬೀಳುತ್ತಿದೆ. ವಕೀಲರ ಕಚೇರಿಯ ಬೆಂಚಿನ ಮೇಲೆ ಕಾದು ಕೂತವರಿಗೆ ‘ನಮ್ಮ ಮನೆಯಲ್ಲೇ ಒಬ್ಬರು ಲಾಯರ್ ಇದ್ದಿದ್ದರೆ’ ಅನ್ನಿಸುವುದು ಸಹಜ.

ಆ ಆಸೆ ತಪ್ಪಲ್ಲ. ಆದರೆ ಓದಿಸುವ ಮೊದಲು ತಿಳಿದಿರಬೇಕಾದ ಒಂದು ಲೆಕ್ಕವನ್ನು ಕಾಲೇಜಿನ ಪ್ರಾಸ್ಪೆಕ್ಟಸ್ಸಿನಲ್ಲಿ ಯಾರೂ ಅಚ್ಚು ಹಾಕಿಸುವುದಿಲ್ಲ. ಕಾನೂನು ಪದವಿ ಪಡೆಯುವುದು ಹಳ್ಳಿಯ ಮಕ್ಕಳಿಗೆ ಇವತ್ತು ಅಸಾಧ್ಯವಲ್ಲ. ಸನ್ನದು ಪಡೆಯುವುದೂ ಹಿಂದಿಗಿಂತ ಅಗ್ಗವಾಗಿದೆ. ಅವರು ಸೋಲುತ್ತಿರುವುದು ಅದರ ಮುಂದಿನ ಮೂರು, ನಾಲ್ಕು ವರ್ಷಗಳಲ್ಲಿ. ಕೈಯಲ್ಲಿ ಪದವಿಯಿದೆ, ಮೈಮೇಲೆ ಕರಿಕೋಟಿದೆ, ಜೇಬಿನಲ್ಲಿ ಬಸ್ಸಿನ ಕಾಸಿಲ್ಲ. ಈ ಅವಧಿಯಲ್ಲಿ ಅವರನ್ನು ಸಾಕುವವರು ಯಾರು ಎನ್ನುವ ಪ್ರಶ್ನೆಗೆ ನಮ್ಮ ಕಾನೂನು ಶಿಕ್ಷಣ ವ್ಯವಸ್ಥೆ ಉತ್ತರ ಕೊಟ್ಟಿಲ್ಲ. ಈ ಅವಧಿಯ ಹೊಣೆ ಯಾರದು ಎನ್ನುವುದಕ್ಕೆ ಕೆನಡಾದಂಥ ದೇಶ ಪೂರ್ತಿಯಲ್ಲದಿದ್ದರೂ ಒಂದು ಉತ್ತರ ಕಂಡುಕೊಂಡಿದೆ.

ಕೆಲಸಕ್ಕೇನೂ ಕೊರತೆಯಿಲ್ಲ

ಮೊದಲು ಈ ಜಿಲ್ಲೆಯ ಸ್ಥಿತಿ ನೋಡೋಣ. 1986ರ ಆಗಸ್ಟ್ 15ರಂದು ಹಳೆಯ ಬೆಂಗಳೂರು ಜಿಲ್ಲೆ ಒಡೆದು ಗ್ರಾಮಾಂತರ ಜಿಲ್ಲೆಯಾಯಿತು. 2007ರಲ್ಲಿ ರಾಮನಗರ ಬೇರೆಯಾದ ಮೇಲೆ ಉಳಿದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕು. ಇದಕ್ಕೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು 2025ರ ಜುಲೈನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಹೆಸರು ಯಾವುದಾದರೂ ಇರಲಿ, ಇಲ್ಲಿನ ಕೋರ್ಟುಗಳಿಗೆ ಬರುವ ವ್ಯಾಜ್ಯಗಳ ಬೇರು ಒಂದೇ: ನೆಲದ ಬೆಲೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಹೊಲಕ್ಕೆ ಚದರಡಿ ಲೆಕ್ಕದ ದರ ಬಂತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಸೇರುವ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ, ಹೊಸಕೋಟೆಯಿಂದ ಹೊರಡುವ ಚೆನ್ನೈ ಎಕ್ಸ್‌ಪ್ರೆಸ್‌ವೇ, ಕೆಐಎಡಿಬಿಯ ಕೈಗಾರಿಕಾ ಪ್ರದೇಶಗಳು, ಹೀಗೆ ಒಂದರ ಹಿಂದೆ ಒಂದು ಭೂಸ್ವಾಧೀನದ ನೋಟಿಸು ಬಂದವು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ತೆಗೆದುಕೊಳ್ಳಲು ಸರ್ಕಾರ ಹೊರಟಾಗ ರೈತರು 2022ರಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಆ ಮೂರು ವರ್ಷದಲ್ಲಿ 28(1) ಅಂದರೆ ಪ್ರಾಥಮಿಕ ಅಧಿಸೂಚನೆ, 28(4) ಅಂದರೆ ಅಂತಿಮ ಅಧಿಸೂಚನೆ ಎನ್ನುವುದು ಅಕ್ಷರ ಬಾರದ ಅಜ್ಜಿಯರಿಗೂ ಬಾಯಿಪಾಠವಾಯಿತು. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಆ ಕಲಮುಗಳನ್ನು ಬಿಡಿಸಿ ಹೇಳುವವರಿಗಾಗಿ ಊರು ಹುಡುಕಾಡಿತು.

ಇನ್ನು ಮನೆಯೊಳಗಿನ ಜಗಳ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು. ಆದರೆ ಅದಕ್ಕೂ ಮೊದಲೇ ಮದುವೆಯಾಗಿದ್ದವರಿಗೆ ಅದು ಅನ್ವಯಿಸಲಿಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದ ತೆಗೆದುಹಾಕಿತು. 2020ರಲ್ಲಿ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು ಉಳಿದ ಗೊಂದಲವನ್ನೂ ಬಗೆಹರಿಸಿತು. ಎಕರೆಗೆ ಸಾವಿರದ ಲೆಕ್ಕವಿದ್ದಾಗ ಅರಿಶಿನ ಕುಂಕುಮಕ್ಕೆ ಸಮಾಧಾನಪಟ್ಟ ಅಕ್ಕತಂಗಿಯರು ಕೋಟಿಯ ಲೆಕ್ಕ ಬಂದಾಗ ಪಾಲು ಕೇಳಿದರು, ಕೇಳಬೇಕಾದದ್ದೇ. ವಿಭಾಗದ ದಾವೆ, ತಡೆಯಾಜ್ಞೆಯ ದಾವೆ, ಕ್ರಯದ ಕರಾರಿನಂತೆ ನೋಂದಣಿ ಮಾಡಿಸಿಕೊಡಿ ಎಂಬ ದಾವೆ: ಈ ಮೂರರಿಂದಲೇ ಒಬ್ಬ ತಾಲ್ಲೂಕು ವಕೀಲರ ಡೈರಿ ತುಂಬುತ್ತದೆ.

ಇದರಾಚೆಗೆ ಕಂದಾಯದ ಕೋರ್ಟುಗಳಿವೆ. ಪಹಣಿ ತಿದ್ದುಪಡಿ, ಪೋಡಿ, ಖಾತೆ ಬದಲಾವಣೆಯ ತಕರಾರುಗಳು ತಹಶೀಲ್ದಾರರಿಂದ ದೊಡ್ಡಬಳ್ಳಾಪುರದ ಉಪವಿಭಾಗಾಧಿಕಾರಿ ಕಚೇರಿಗೆ, ಅಲ್ಲಿಂದ ಜಿಲ್ಲಾಧಿಕಾರಿಯವರಲ್ಲಿಗೆ ಹೋಗುತ್ತವೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈತಪ್ಪದಂತೆ ಕಾಯುವ 1978ರ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು, ಅರ್ಜಿ ಹಾಕಲು ಕಾಲಮಿತಿಯ ಅಡ್ಡಿ ಇಲ್ಲವಾಯಿತು. ಅದರ ಅರ್ಜಿಗಳೂ ಉಪವಿಭಾಗಾಧಿಕಾರಿಯ ಮುಂದೆಯೇ ಬರುತ್ತವೆ. ತುಮಕೂರು, ಕೋಲಾರ, ಬಳ್ಳಾರಿ ರಸ್ತೆಗಳ ಅಪಘಾತ ಪರಿಹಾರದ ಅರ್ಜಿಗಳು, ದೊಡ್ಡಬಳ್ಳಾಪುರದ ಮಗ್ಗದ ವ್ಯಾಪಾರದಲ್ಲಿ ಬೌನ್ಸ್ ಆದ ಚೆಕ್ಕುಗಳು, ಕೈಗಾರಿಕಾ ಪ್ರದೇಶಗಳ ಕಾರ್ಮಿಕರ ದೂರುಗಳು ಬೇರೆ.

ಒಟ್ಟಿನಲ್ಲಿ ಇಲ್ಲಿ ವಕೀಲರಿಗೆ ಕೆಲಸದ ಬರವಿಲ್ಲ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ನ್ಯಾಯಾಲಯಗಳಿವೆ. ಸಿವಿಲ್ ನ್ಯಾಯಾಧೀಶರ ಕೋರ್ಟುಗಳ ಜೊತೆಗೆ ದೊಡ್ಡಬಳ್ಳಾಪುರ ಮತ್ತು ದೇವನಹಳ್ಳಿಯಲ್ಲಿ ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶರೂ ಕೂರುತ್ತಾರೆ. ಆದರೆ ಗ್ರಾಮಾಂತರ ಜಿಲ್ಲೆಯ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಇರುವುದು ಬೆಂಗಳೂರು ನಗರದಲ್ಲೇ. ಹಾಗಾಗಿ ಇಲ್ಲಿನ ಕಿರಿಯ ವಕೀಲರ ದಿನದ ಒಂದು ಭಾಗ ಬಸ್ಸಿನಲ್ಲೇ ಕಳೆಯುತ್ತದೆ.

ಎರಡು ಬಾಗಿಲು

ವಕೀಲರಾಗಲು ಭಾರತದಲ್ಲಿ ಎರಡು ದಾರಿ. ಪಿಯುಸಿ ಮುಗಿಸಿ 5 ವರ್ಷದ ಬಿ.ಎ. ಎಲ್‌ಎಲ್‌.ಬಿ. ಇಲ್ಲವೇ ಬಿ.ಬಿ.ಎ. ಎಲ್‌ಎಲ್‌.ಬಿ. ಮಾಡಬಹುದು, ಯಾವುದಾದರೂ ಪದವಿ ಮುಗಿಸಿದವರು 3 ವರ್ಷದ ಎಲ್‌ಎಲ್‌.ಬಿ. ಸೇರಬಹುದು. ರಾಜ್ಯದ ಬಹುಪಾಲು ಕಾನೂನು ಕಾಲೇಜುಗಳು 2009ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಅದರ ಪ್ರಶ್ನೆಪತ್ರಿಕೆ ಇಂಗ್ಲಿಷ್, ಕನ್ನಡ ಎರಡರಲ್ಲೂ ಇರುತ್ತದೆ. ಉತ್ತರವನ್ನು ಪೂರ್ತಿಯಾಗಿ ಕನ್ನಡದಲ್ಲೇ ಬರೆಯಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿಯ ಮಕ್ಕಳು ಧೈರ್ಯವಾಗಿ ಲಾ ಸೇರುವುದಕ್ಕೆ ಇದು ದೊಡ್ಡ ಆಸರೆ. ಮೆಜೆಸ್ಟಿಕ್ಕಿನಿಂದ ನಡೆದೇ ಹೋಗಬಹುದಾದ ಆನಂದರಾವ್ ವೃತ್ತದ ಬಳಿಯ ರೇಣುಕಾಚಾರ್ಯ ಕಾನೂನು ಕಾಲೇಜಿಗೆ ತಲೆಮಾರುಗಳಿಂದ ಸುತ್ತಲಿನ ಜಿಲ್ಲೆಗಳ ವಿದ್ಯಾರ್ಥಿಗಳು ಬರುತ್ತಿರುವುದಕ್ಕೆ ಕಲಿಕೆಯಷ್ಟೇ ಬಸ್ಸಿನ ಅನುಕೂಲವೂ ಕಾರಣ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದದ್ದು ದೊಡ್ಡಬಳ್ಳಾಪುರದಿಂದ ದಿನವೂ ಹೋಗಿ ಬರುವ ವಿದ್ಯಾರ್ಥಿನಿಗೆ ಸಣ್ಣ ಸಹಾಯವೇನಲ್ಲ.

ಇನ್ನೊಂದು ಬಾಗಿಲು ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯದ್ದು. ಎನ್.ಆರ್. ಮಾಧವ ಮೆನನ್ ಅದರ ಸ್ಥಾಪಕ ನಿರ್ದೇಶಕರು. 5 ವರ್ಷದ ಕಾನೂನು ಪದವಿಗೆ ದೇಶದಲ್ಲೆಲ್ಲ ಮರ್ಯಾದೆ ತಂದುಕೊಟ್ಟ ಸಂಸ್ಥೆ ಅದು. ನೆಲಮಂಗಲದಿಂದ ಅದಕ್ಕೆ ಒಂದು ಗಂಟೆಯ ದಾರಿ. ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಅಲ್ಲಿ ಶೇ 25ರಷ್ಟು ಸೀಟುಗಳ ಮೀಸಲಾತಿಯೂ ಇದೆ. ಆದರೆ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಅದರ ಸಿದ್ಧತೆಗೆ ಕೋಚಿಂಗ್ ಬೇಕು, ಕೋಚಿಂಗಿಗೆ ಹಣ ಬೇಕು. ಕಿಲೋಮೀಟರಿನಲ್ಲಿ ಹತ್ತಿರವಿರುವ ಈ ಬಾಗಿಲು ತಾಲ್ಲೂಕಿನ ಸರ್ಕಾರಿ ಶಾಲೆಯ ಮಕ್ಕಳಿಗೆ ಉಳಿದೆಲ್ಲದರಲ್ಲೂ ದೂರ. ಅಲ್ಲಿ ಓದಿದವರಲ್ಲಿ ಬಹಳಷ್ಟು ಮಂದಿ ಮುಂಬೈ, ದೆಹಲಿಯ ಕಾನೂನು ಸಂಸ್ಥೆಗಳತ್ತ ಹೋಗುತ್ತಾರೆ. ಹೊಸಕೋಟೆಯ ಕೋರ್ಟಿನಲ್ಲಿ ವಿಭಾಗದ ದಾವೆ ನಡೆಸುವವರು ಹುಬ್ಬಳ್ಳಿ ವಿಶ್ವವಿದ್ಯಾಲಯದ ಪದವೀಧರರೇ. ಜನಸಾಮಾನ್ಯರ ನ್ಯಾಯ ನಿಂತಿರುವುದು ಇವರ ಮೇಲೆ.

ಪದವಿ ಮುಗಿದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 1961ರ ವಕೀಲರ ಕಾಯ್ದೆಯ 24ನೇ ಕಲಮಿನ ಪ್ರಕಾರ ಇದಕ್ಕೆ ಸಾಮಾನ್ಯ ವರ್ಗದವರಿಗೆ ಒಟ್ಟು 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಆದರೂ ಪರಿಷತ್ತುಗಳು ನಾನಾ ಹೆಸರಿನಲ್ಲಿ ಸಾವಿರಾರು ರೂಪಾಯಿ ವಸೂಲು ಮಾಡುತ್ತಿದ್ದವು. ಒಡಿಶಾದಲ್ಲಿ ಅದು 40,000 ಮೀರಿತ್ತು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಹಾಕಿತು. ಕಾಯ್ದೆಯಲ್ಲಿ ಹೇಳಿದ್ದಕ್ಕಿಂತ ಒಂದು ಪೈಸೆಯೂ ಹೆಚ್ಚು ಕೇಳುವಂತಿಲ್ಲ ಎಂದಿತು. ಬಡವರ ಮಕ್ಕಳಿಗೆ ಇದು ನಿಜವಾದ ಉಪಕಾರ.

ನೋಂದಣಿಯಾದವರು 2 ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಬೇಕು. 100 ಬಹು ಆಯ್ಕೆಯ ಪ್ರಶ್ನೆಗಳು, ಸಾಮಾನ್ಯ ವರ್ಗಕ್ಕೆ 45 ಅಂಕ ಬಂದರೆ ಸಾಕು. ಇದನ್ನೂ ಕನ್ನಡದಲ್ಲಿ ಬರೆಯಬಹುದು. 2010ರಲ್ಲಿ ಭಾರತೀಯ ವಕೀಲರ ಪರಿಷತ್ತು ಈ ಪರೀಕ್ಷೆಯನ್ನು ಗೊತ್ತುಮಾಡಿದಾಗ ಕೇಂದ್ರದ ಕಾನೂನು ಸಚಿವರಾಗಿದ್ದವರು ಎಂ. ವೀರಪ್ಪ ಮೊಯಿಲಿ, ಈ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಿರುವ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದ ಆಗಿನ ಸಂಸದರು.

ಇಲ್ಲಿಯವರೆಗೆ ದಾರಿ ಸಲೀಸು. ಪರೀಕ್ಷೆ ಪಾಸಾದವರಿಗೆ ಕಾನೂನಿನ ದೃಷ್ಟಿಯಲ್ಲಿ ತಾಲ್ಲೂಕು ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಎಲ್ಲಿ ಬೇಕಾದರೂ ವಾದ ಮಾಡುವ ಹಕ್ಕು ಬಂದಿರುತ್ತದೆ. ಆದರೆ ಒಂದು ದಾವೆಯನ್ನು ದಾಖಲಿಸುವುದು ಹೇಗೆಂದು ಅವರಿಗೆ ಗೊತ್ತಿರುವುದಿಲ್ಲ.

ಸೀನಿಯರ್ ಕಚೇರಿಯ ದಿನಗಳು

ಅದನ್ನು ಕಲಿಯುವುದು ಸೀನಿಯರ್ ವಕೀಲರ ಕಚೇರಿಯಲ್ಲಿ. ಬೆಳಿಗ್ಗೆ ಫೈಲುಗಳನ್ನು ಜೋಡಿಸಿಕೊಂಡು ಕೋರ್ಟಿಗೆ ಹೋಗುವುದು, ಸೀನಿಯರ್ ಬೇರೆ ಕೋರ್ಟಿನಲ್ಲಿದ್ದರೆ ಕೇಸು ಕೂಗಿದಾಗ ಎದ್ದು ನಿಂತು ಸಮಯ ಕೇಳುವುದು, ವಕಾಲತ್ತಿಗೆ ಕಲ್ಯಾಣ ನಿಧಿಯ ಸ್ಟಾಂಪು ಅಂಟಿಸುವುದು, ನಕಲಿಗೆ ಅರ್ಜಿ ಹಾಕುವುದು, ಬೆಂಚ್ ಕ್ಲರ್ಕಿನ ಹತ್ತಿರ ಮುಂದಿನ ದಿನಾಂಕ ಬರೆದುಕೊಳ್ಳುವುದು. ಸಂಜೆ ಕಚೇರಿಗೆ ಬಂದು ಕಕ್ಷಿದಾರರ ಕತೆ ಕೇಳಿ ನೋಟಿಸು ಬರೆಯುವುದು. ಇವು ಕೀಳು ಕೆಲಸಗಳಲ್ಲ. ದಾವೆಯ ಅರ್ಜಿಯಲ್ಲಿ ಚೆಕ್ಕುಬಂದಿ ತಪ್ಪಾಗಿ ಬಿದ್ದರೆ ಹತ್ತು ವರ್ಷದ ನಂತರ ಡಿಕ್ರಿ ಸಿಕ್ಕರೂ ಜಾರಿಯಾಗುವುದಿಲ್ಲ ಎಂಬುದನ್ನು ಯಾವ ತರಗತಿಯೂ ಅಷ್ಟು ಚೆನ್ನಾಗಿ ಕಲಿಸಲಾರದು. ಪಾಟೀಸವಾಲಿನಲ್ಲಿ ಎಲ್ಲಿ ನಿಲ್ಲಿಸಬೇಕು ಎನ್ನುವುದು ನೋಡಿ ನೋಡಿ ಬರುವ ವಿದ್ಯೆ.

ತೊಂದರೆ ಇರುವುದು ಕಲಿಕೆಯಲ್ಲಲ್ಲ, ಕೂಲಿಯಲ್ಲಿ. ಜೂನಿಯರಿಗೆ ಎಷ್ಟು ಕೊಡಬೇಕು ಎಂಬುದಕ್ಕೆ ಕಡ್ಡಾಯ ನಿಯಮವಿಲ್ಲ. ಕೆಲವು ಸೀನಿಯರುಗಳು ಮನೆಯ ಮಗುವಿನಂತೆ ನೋಡಿಕೊಂಡು ತಿಂಗಳಿಗೆ ಇಷ್ಟೆಂದು ಕೊಡುತ್ತಾರೆ. ಕೆಲವರು ಹಬ್ಬಕ್ಕೊಮ್ಮೆ ಕೊಡುತ್ತಾರೆ. ‘ಕೆಲಸ ಕಲಿಸುತ್ತಿರುವುದೇ ಹೆಚ್ಚು’ ಎನ್ನುವವರೂ ಇದ್ದಾರೆ. ತಾಲ್ಲೂಕಿನ ಅನೇಕ ಸೀನಿಯರುಗಳ ಸ್ವಂತ ಆದಾಯವೇ ಅಷ್ಟಕ್ಕಷ್ಟೆ ಎಂಬುದನ್ನೂ ಹೇಳಬೇಕು. ಎಲ್ಲರನ್ನೂ ಜಿಪುಣರೆಂದು ದೂರಿ ಪ್ರಯೋಜನವಿಲ್ಲ.

ಹಾಗೆಂದು ಬೇರೆ ಕಡೆ ದುಡಿದು ಹೊಟ್ಟೆ ಹೊರೆಯೋಣ ಎಂದರೆ ಅದಕ್ಕೂ ಅಡ್ಡಿ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದ ಪ್ರಕಾರ ವಕೀಲರು ಪೂರ್ಣಾವಧಿಯ ಸಂಬಳದ ನೌಕರಿ ಮಾಡುವಂತಿಲ್ಲ. 36ನೇ ನಿಯಮದ ಪ್ರಕಾರ ಜಾಹೀರಾತು ಕೊಡುವಂತಿಲ್ಲ. 20ನೇ ನಿಯಮದ ಪ್ರಕಾರ ಕೇಸು ಗೆದ್ದರೆ ಇಷ್ಟು ಪಾಲು ಎಂದು ಫೀಸು ಗೊತ್ತುಮಾಡುವಂತಿಲ್ಲ. ಭೂಸ್ವಾಧೀನ ಪರಿಹಾರದಲ್ಲಿ ‘ಶೇಕಡ ಇಷ್ಟು ಕೊಡಿ’ ಎಂದು ಕೇಳುವ ವಕೀಲರು ಕೈಗೆ ಸಿಕ್ಕರೆ ಅದು ವೃತ್ತಿ ದುರ್ನಡತೆ ಎಂಬುದು ಈ ಜಿಲ್ಲೆಯ ರೈತರಿಗೆ ತಿಳಿದಿರಲಿ. ವೃತ್ತಿಯ ಘನತೆ ಕಾಯಲು ಮಾಡಿದ ಈ ನಿಯಮಗಳು ಸರಿಯೇ ಇರಬಹುದು. ಆದರೆ ಕೈಕಾಲು ಕಟ್ಟಿದ ಮೇಲೆ ಅನ್ನಕ್ಕೆ ದಾರಿ ತೋರಿಸುವುದೂ ನಿಯಮ ಮಾಡಿದವರ ಹೊಣೆಯಲ್ಲವೇ?

ಹೀಗಾಗಿ ಜರಡಿ ಹಿಡಿಯುವುದು ಬುದ್ಧಿವಂತಿಕೆಯಲ್ಲ, ಮನೆಯ ಸ್ಥಿತಿ. ತಂದೆಯೋ ಮಾವನೋ ವಕೀಲರಾಗಿದ್ದರೆ ಕಚೇರಿ, ಪುಸ್ತಕ, ಕಕ್ಷಿದಾರರು ಮೂರೂ ಸಿದ್ಧವಾಗಿ ಸಿಗುತ್ತವೆ. ಜಮೀನಿನ ಬಾಡಿಗೆಯೋ ಹಾಲಿನ ದುಡ್ಡೋ ಬರುವ ಮನೆಯವರು ನಾಲ್ಕು ವರ್ಷ ತಡೆದುಕೊಳ್ಳುತ್ತಾರೆ. ಕೂಲಿ ಮಾಡುವ ಮನೆಯ ಮೊದಲ ಪದವೀಧರರು ವರ್ಷ ತುಂಬುವ ಮೊದಲೇ ಬ್ಯಾಂಕಿನ ಸಾಲ ವಸೂಲಿಗೋ ರಿಯಲ್ ಎಸ್ಟೇಟ್ ಕಚೇರಿಯ ದಾಖಲೆ ನೋಡುವ ಕೆಲಸಕ್ಕೋ ಹೋಗಿಬಿಡುತ್ತಾರೆ. ಹೆಣ್ಣುಮಕ್ಕಳಿಗಂತೂ ಈ ವರ್ಷಗಳೇ ಮದುವೆಯ ಒತ್ತಡದ ವರ್ಷಗಳೂ ಹೌದು. ದುಡಿಮೆಯಿಲ್ಲದ ಕರಿಕೋಟಿಗೆ ಮನೆಯಲ್ಲಿ ಬೆಲೆ ಸಿಗುವುದಿಲ್ಲ. ಬಳ್ಳಾರಿಯ ಮಂಜುಳಾ ಚೆಲ್ಲೂರ್ ಇದೇ ರೇಣುಕಾಚಾರ್ಯ ಕಾಲೇಜಿನಲ್ಲಿ ಓದಿ, ಬಳ್ಳಾರಿಯಲ್ಲಿ ಮೊದಲ ಮಹಿಳಾ ವಕೀಲರಾಗಿ, 2000ದಲ್ಲಿ ಕರ್ನಾಟಕ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ, ಮುಂದೆ ಕೇರಳ, ಕಲ್ಕತ್ತಾ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. ಜಿಲ್ಲಾ ಕೇಂದ್ರದ ಕೋರ್ಟಿನಿಂದ ಅಷ್ಟು ಎತ್ತರಕ್ಕೆ ದಾರಿ ಇದೆ ಎಂಬುದಕ್ಕೆ ಅವರೇ ಸಾಕ್ಷಿ. ಆದರೆ ಆರಂಭದ ವರ್ಷಗಳನ್ನು ದಾಟಿದವರಿಗೆ ಮಾತ್ರ ಆ ದಾರಿ ಕಾಣುತ್ತದೆ.

ಕೆನಡಾ ಏನು ಮಾಡಿತು

ಕೆನಡಾದಲ್ಲಿ ವಕೀಲರಾಗುವುದು ನಮಗಿಂತ ಉದ್ದದ, ಬಹಳ ದುಬಾರಿಯಾದ ದಾರಿ. ಕ್ವಿಬೆಕ್ ಪ್ರಾಂತ್ಯದ ಪದ್ಧತಿ ಬೇರೆ. ಉಳಿದ ಕಡೆ ಸಾಮಾನ್ಯವಾಗಿ ಮೊದಲು ಬೇರೊಂದು ವಿಷಯದಲ್ಲಿ ಪದವಿ, ನಂತರ ಎಲ್‌ಸ್ಯಾಟ್ ಎಂಬ ಪ್ರವೇಶ ಪರೀಕ್ಷೆ, ನಂತರ 3 ವರ್ಷದ ಜೆ.ಡಿ. ಎಂಬ ಕಾನೂನು ಪದವಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಇದರ ಶುಲ್ಕ ವರ್ಷಕ್ಕೆ 30,000 ಡಾಲರಿಗೂ ಹೆಚ್ಚು. ಹಾಗಾಗಿ ಅಲ್ಲಿನ ವಿದ್ಯಾರ್ಥಿಗಳು ಸಾಲ ಹೊತ್ತೇ ಹೊರಬರುತ್ತಾರೆ. ಈ ವಿಷಯದಲ್ಲಿ ಕೆನಡಾವನ್ನು ನಾವು ಅನುಸರಿಸಬೇಕಾಗಿಲ್ಲ.

ಗಮನಿಸಬೇಕಾದದ್ದು ಪದವಿಯ ನಂತರದ ಹಂತ. ಅಲ್ಲಿ ಪದವಿ ಬಂದ ಕೂಡಲೇ ಯಾರೂ ವಕೀಲರಾಗುವುದಿಲ್ಲ. ಅನುಭವಿ ವಕೀಲರೊಬ್ಬರ ಕೈಕೆಳಗೆ ‘ಆರ್ಟಿಕ್ಲಿಂಗ್’ ಎಂಬ ತರಬೇತಿ ಪಡೆಯಬೇಕು. ನಮ್ಮಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಆಗುವವರು ಮಾಡುವ ಆರ್ಟಿಕಲ್‌ಶಿಪ್‌ನಂಥದೇ ಇದು. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಅವಧಿ ಬೇರೆಬೇರೆ. ಒಂಟಾರಿಯೊದಲ್ಲಿ 8ರಿಂದ 10 ತಿಂಗಳು. ಯಾರ ಬಳಿ ಕಲಿಯಬೇಕೋ ಆ ವಕೀಲರಿಗೆ ಕಾನೂನು ಸಂಘದ ಒಪ್ಪಿಗೆ ಇರಬೇಕು. ಏನೇನು ಕಲಿಸುತ್ತೇವೆ ಎಂಬುದನ್ನು ಅವರು ಬರೆದುಕೊಡಬೇಕು. ಜೊತೆಗೆ ವೃತ್ತಿ ಪರೀಕ್ಷೆಗಳೂ ಇವೆ. ಇವೆಲ್ಲ ಮುಗಿದ ಮೇಲೆಯೇ ಸನ್ನದು. ಇದನ್ನೆಲ್ಲ ನೋಡಿಕೊಳ್ಳುವ ಒಂಟಾರಿಯೊದ ಕಾನೂನು ಸಂಘ ಹುಟ್ಟಿದ್ದು 1797ರಲ್ಲಿ, ಅಂದರೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಆಳುತ್ತಿದ್ದ ಕಾಲದಲ್ಲಿ.

ಅಲ್ಲೂ ಎಲ್ಲವೂ ಸರಿಯಿಲ್ಲ. ಆರ್ಟಿಕ್ಲಿಂಗಿಗೆ ಜಾಗ ಸಿಗದೆ ಪದವೀಧರರು ಪರದಾಡಿದ ಕಾರಣಕ್ಕೆ 2014ರಿಂದ ಒಂಟಾರಿಯೊದಲ್ಲಿ ಪರ್ಯಾಯ ವ್ಯವಸ್ಥೆ ಮಾಡಬೇಕಾಯಿತು: 4 ತಿಂಗಳು ತರಬೇತಿ, 4 ತಿಂಗಳು ಕಚೇರಿಯಲ್ಲಿ ಕೆಲಸ. ಭಾರತದಲ್ಲಿ ಓದಿ ಅಲ್ಲಿಗೆ ಹೋದವರ ಪಾಡು ಇನ್ನೂ ಬೇರೆ. ರಾಷ್ಟ್ರೀಯ ಮಾನ್ಯತಾ ಸಮಿತಿಯೊಂದು ಅವರ ಪದವಿಯನ್ನು ತೂಗಿ ನೋಡಿ, ಕೆನಡಾದ ಸಂವಿಧಾನ, ಆಡಳಿತ ಕಾನೂನು, ಅಪರಾಧ ಕಾನೂನು, ವೃತ್ತಿ ಹೊಣೆಗಾರಿಕೆಯಂಥ ವಿಷಯಗಳಲ್ಲಿ ಹೊಸದಾಗಿ ಪರೀಕ್ಷೆ ಬರೆಸುತ್ತದೆ. ಆಮೇಲೆ ಅವರೂ ಉಳಿದವರಂತೆ ಸನ್ನದಿನ ಹಂತಗಳನ್ನು ಹತ್ತಬೇಕು. ಆದರೂ ಮೂಲ ತತ್ವವೊಂದು ಅಲ್ಲಿ ಗಟ್ಟಿಯಾಗಿದೆ: ಕಲಿಯುವ ಅವಧಿ ಸನ್ನದಿನ ಭಾಗ, ಅದರ ಮೇಲೆ ನಿಗಾ ಇಡುವುದು ವೃತ್ತಿ ಸಂಸ್ಥೆಯ ಕರ್ತವ್ಯ.

ನಮ್ಮಲ್ಲೂ ಇತ್ತು

ಇದು ನಮಗೆ ಪರದೇಶದ ಪದ್ಧತಿಯೇನಲ್ಲ. 1961ರ ವಕೀಲರ ಕಾಯ್ದೆ ಬಂದಾಗ ಸನ್ನದಿಗೆ ಮುಂಚೆ ತರಬೇತಿ ಪಡೆದು ಪರೀಕ್ಷೆ ಪಾಸು ಮಾಡಬೇಕು ಎಂಬ ಷರತ್ತು ಅದರಲ್ಲೇ ಇತ್ತು. 1967ರಿಂದ ಕಾನೂನು ಪದವಿ 3 ವರ್ಷದ್ದಾಯಿತು. 1973ರ ತಿದ್ದುಪಡಿಯಲ್ಲಿ ಸಂಸತ್ತು ತರಬೇತಿಯ ಷರತ್ತನ್ನು ಕಿತ್ತುಹಾಕಿತು. ಕಲಿಸುವ ಹೊಣೆಯೆಲ್ಲ ಕಾಲೇಜಿನ ತಲೆಗೆ ಬಂತು. ಕಾಲೇಜು ಅದನ್ನು ಹೊರಲಿಲ್ಲ.

ಈ ಕೊರತೆಯನ್ನು ಮನಗಂಡ ಭಾರತೀಯ ವಕೀಲರ ಪರಿಷತ್ತು 1995ರಲ್ಲಿ ಒಂದು ವರ್ಷದ ತರಬೇತಿಯನ್ನು ನಿಯಮ ಮಾಡಿ ಮರಳಿ ತಂದಿತು. 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂಸತ್ತು ತೆಗೆದುಹಾಕಿದ್ದನ್ನು ತನ್ನಷ್ಟಕ್ಕೆ ತರುವ ಅಧಿಕಾರ ಪರಿಷತ್ತಿಗಿಲ್ಲ ಎಂದು ಆ ನಿಯಮವನ್ನು ರದ್ದುಮಾಡಿತು. ಹೀಗೆ ಎರಡು ಸಲ ಸಿಕ್ಕ ವ್ಯವಸ್ಥೆ ಎರಡು ಸಲವೂ ಕೈಜಾರಿತು. ಕಾನೂನು ಪುಸ್ತಕದಿಂದ ತರಬೇತಿ ಮಾಯವಾಯಿತೇ ಹೊರತು ಅದರ ಅಗತ್ಯ ಮಾಯವಾಗಲಿಲ್ಲ. ಅದು ಲೆಕ್ಕಪತ್ರವಿಲ್ಲದ, ಸಂಬಳವಿಲ್ಲದ ಜೂನಿಯರಿಕೆಯಾಗಿ ಮುಂದುವರಿಯಿತು.

2008ರ ಕಾನೂನು ಶಿಕ್ಷಣ ನಿಯಮಗಳು 3 ವರ್ಷದ ಪದವಿಗೆ 12 ವಾರ, 5 ವರ್ಷದ ಪದವಿಗೆ 20 ವಾರ ಇಂಟರ್ನ್‌ಶಿಪ್ ಇರಬೇಕೆನ್ನುತ್ತವೆ. ಅಣಕು ನ್ಯಾಯಾಲಯ, ಕರಡು ಬರವಣಿಗೆ, ರಾಜಿ ಪಂಚಾಯಿತಿ, ವೃತ್ತಿ ನೀತಿಯ ಪ್ರಾಯೋಗಿಕ ಪತ್ರಿಕೆಗಳೂ ಇವೆ. ಕಾಗದದ ಮೇಲೆ ಇದು ಕಡಿಮೆಯೇನಲ್ಲ. ಆದರೆ ಪರಿಚಯದ ವಕೀಲರಿಂದ ಸರ್ಟಿಫಿಕೇಟು ಬರೆಸಿಕೊಂಡು ಬಂದರೆ ಕಾಲೇಜು ಕೇಳುವುದಿಲ್ಲ ಎಂಬುದು ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತು.

ಈಗ ಎರಡು ಹೊಸ ಬೆಳವಣಿಗೆಗಳು ಈ ಹಳೆಯ ಪ್ರಶ್ನೆಯನ್ನು ತುರ್ತಿನದಾಗಿಸಿವೆ. 2023ರ ಫೆಬ್ರುವರಿ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ವಕೀಲರ ಪರೀಕ್ಷೆಯನ್ನು ಎತ್ತಿಹಿಡಿಯುತ್ತ, ವಿ. ಸುಧೀರ್ ತೀರ್ಪು ಸರಿಯಾದ ಕಾನೂನಲ್ಲ ಎಂದಿತು. ಅಂದರೆ ತರಬೇತಿಗೆ ನಿಯಮ ಮಾಡಲು ಪರಿಷತ್ತಿಗಿದ್ದ ದೊಡ್ಡ ಅಡ್ಡಿ ತೊಲಗಿತು. ಎರಡನೆಯದು 2025ರ ಮೇ 20ರ ತೀರ್ಪು: ಸಿವಿಲ್ ನ್ಯಾಯಾಧೀಶರ ಹುದ್ದೆಯ ಪರೀಕ್ಷೆಗೆ ಕೂರಲು ಕನಿಷ್ಠ 3 ವರ್ಷ ವಕೀಲಿಕೆ ಮಾಡಿರಬೇಕು.

ಈ 3 ವರ್ಷದ ಷರತ್ತೂ ಹೊಸದಲ್ಲ. ಕನ್ನಡಿಗರಾದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗದ ಶಿಫಾರಸಿನ ಮೇಲೆ 2002ರಲ್ಲಿ ಅದನ್ನು ಸಡಿಲಿಸಲಾಗಿತ್ತು. ಈಗ ಮರಳಿ ಬಂದಿದೆ. ಕೋರ್ಟಿನ ಒಳಹೊರಗು ತಿಳಿಯದವರು ಪೀಠದ ಮೇಲೆ ಕೂತರೆ ವಕೀಲರಿಗೂ ಕಕ್ಷಿದಾರರಿಗೂ ಕಷ್ಟ ಎಂಬ ವಾದದಲ್ಲಿ ಹುರುಳಿದೆ. ಆದರೆ ಇದರ ಬಿಸಿ ಯಾರಿಗೆ ತಟ್ಟುತ್ತದೆ ನೋಡಿ. ಹಳ್ಳಿಯ ಬಡ ಪದವೀಧರರಿಗೆ ಪದವಿ ಮುಗಿದ ಕೂಡಲೇ ಓದಿ, ಪರೀಕ್ಷೆ ಬರೆದು ನ್ಯಾಯಾಧೀಶರಾಗುವುದು ಸಂಬಳದ ಕೆಲಸಕ್ಕೆ ನೇರ ದಾರಿಯಾಗಿತ್ತು. ಈಗ ಆ ದಾರಿಯ ಬಾಯಲ್ಲೇ 3 ವರ್ಷದ ಗೋಡೆ ಎದ್ದಿದೆ. ಸಂಬಳವಿಲ್ಲದ ವರ್ಷಗಳನ್ನು ಕಡ್ಡಾಯ ಮಾಡಿ ಸಂಬಳದ ಏರ್ಪಾಡು ಮಾಡದಿದ್ದರೆ ನಾಳಿನ ನ್ಯಾಯಪೀಠ ಉಳ್ಳವರ ಮಕ್ಕಳಿಂದಲೇ ತುಂಬುತ್ತದೆ.

ಮಾಡಬಹುದಾದದ್ದು

ಪರಿಹಾರ ಹುಡುಕಲು ಕೆನಡಾದವರೆಗೂ ಹೋಗಬೇಕಿಲ್ಲ. 2024ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಜೂನಿಯರುಗಳಿಗೆ ಕನಿಷ್ಠ ಶಿಷ್ಯವೇತನ ಕೊಡಬೇಕೆಂದು ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಆದರೆ ಅದು ಸಲಹೆ ಮಾತ್ರ, ಕೊಡದಿದ್ದವರನ್ನು ಕೇಳುವವರಿಲ್ಲ. ಆಂಧ್ರಪ್ರದೇಶ 2019ರಲ್ಲಿ ಸರ್ಕಾರದ ಕಡೆಯಿಂದಲೇ ಹೊಸ ವಕೀಲರಿಗೆ ಮೊದಲ 3 ವರ್ಷ ತಿಂಗಳಿಗೆ 5,000 ರೂಪಾಯಿ ಕೊಡುವ ಯೋಜನೆ ಆರಂಭಿಸಿತ್ತು. ನಮ್ಮಲ್ಲಿ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುತ್ತವೆ. ಅನುಭವಿ ವಕೀಲರ ಬಳಿ ಕಲಿಯುವುದು ಅದರ ಷರತ್ತು. ಅಂದರೆ ಆರ್ಟಿಕ್ಲಿಂಗಿನ ಬೀಜ ನಮ್ಮ ಸರ್ಕಾರಿ ಯೋಜನೆಯಲ್ಲೇ ಇದೆ. ಆದರೆ ಅದು ಆಯ್ದ ಕೆಲವರಿಗಷ್ಟೇ ಸೀಮಿತ.

ಮೂವರು ಮನಸ್ಸು ಮಾಡಿದರೆ ಸಾಕು. ಭಾರತೀಯ ವಕೀಲರ ಪರಿಷತ್ತು ತನ್ನ ಸುತ್ತೋಲೆಯನ್ನು ನಿಯಮವಾಗಿ ಮಾಡಬೇಕು. 2023ರ ತೀರ್ಪಿನ ನಂತರ ಅಧಿಕಾರವಿಲ್ಲ ಎಂಬ ನೆಪ ನಡೆಯುವುದಿಲ್ಲ. ರಾಜ್ಯ ಸರ್ಕಾರ ತಾಲ್ಲೂಕು ಕೋರ್ಟಿನಲ್ಲಿ ಜೂನಿಯರಾಗಿ ಸೇರುವ ಬಡ ಪದವೀಧರರೆಲ್ಲರಿಗೂ, ಜಾತಿ ಯಾವುದೇ ಇರಲಿ, ಮೊದಲ 3 ವರ್ಷ ಭತ್ಯೆ ಕೊಡಬೇಕು. ಸಣ್ಣ ಆದಾಯದ ಸೀನಿಯರುಗಳ ಹೊರೆಯನ್ನೂ ಅದು ಇಳಿಸುತ್ತದೆ. ಮೂರನೆಯದು ನಾಲ್ಕೂ ತಾಲ್ಲೂಕುಗಳ ವಕೀಲರ ಸಂಘಗಳ ಕೆಲಸ: ಯಾವ ಸೀನಿಯರ್ ಎಷ್ಟು ಜೂನಿಯರುಗಳನ್ನು ತೆಗೆದುಕೊಳ್ಳುತ್ತಾರೆ, ಏನು ಕೊಡುತ್ತಾರೆ, ಏನು ಕಲಿಸುತ್ತಾರೆ ಎಂಬ ಒಂದು ಪಟ್ಟಿಯನ್ನು ಸಂಘದ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ಇದಕ್ಕೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಡ. ವಕೀಲರ ನೆಂಟಸ್ತಿಕೆಯಿಲ್ಲದ ಮನೆಯ ಮಗಳಿಗೆ ಆ ಪಟ್ಟಿಯೇ ಮೊದಲ ಆಸರೆಯಾದೀತು.

ಕೊನೆಯದಾಗಿ ತಂದೆತಾಯಿಗಳಿಗೆ ಒಂದು ಮಾತು. ಮಕ್ಕಳನ್ನು ಕಾನೂನು ಓದಿಸಿ. ಈ ಜಿಲ್ಲೆಗೆ ಒಳ್ಳೆಯ ವಕೀಲರು ಬೇಕೇಬೇಕು. ಆದರೆ 5 ವರ್ಷದ ಶುಲ್ಕಕ್ಕೆ ಮಾತ್ರ ಹಣ ಕೂಡಿಡಬೇಡಿ, 8 ವರ್ಷದ ಲೆಕ್ಕ ಹಾಕಿ. ಓದುವಾಗಲೇ ರಜೆಯಲ್ಲಿ ತಾಲ್ಲೂಕು ಕೋರ್ಟಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಗೂ ಕಳುಹಿಸಿ. ಸೀನಿಯರನ್ನು ಆರಿಸುವಾಗ ಹೆಸರು ನೋಡಬೇಡಿ, ಅವರ ಹಳೆಯ ಜೂನಿಯರುಗಳು ಈಗ ಎಲ್ಲಿದ್ದಾರೆಂದು ವಿಚಾರಿಸಿ. ಶಿಷ್ಯವೇತನ ಎಷ್ಟೆಂದು ಕೇಳಲು ಮಗಳಿಗೆ ಸಂಕೋಚವಾದರೆ ನೀವೇ ಕೇಳಿ. ಪರಿಷತ್ತಿನ ಸುತ್ತೋಲೆಯ ಮೊತ್ತವನ್ನೂ ನೆನಪಿಸಿ. ಕೇಳುವುದು ಅವಮಾನವಲ್ಲ. ಬೇರೆಯವರ ಹಕ್ಕಿಗಾಗಿ ವಾದಿಸಬೇಕಾದವಳು ಮೊದಲು ತನ್ನ ದುಡಿಮೆಯ ಬೆಲೆ ಕೇಳುವುದನ್ನು ಕಲಿಯಲಿ.